ಊರಿನ ಯೋಜನೆಗೆ ಸಾಲ ಕೊಟ್ಟವರು ಯಾರು? ದೂರನ್ನು ಅವರ ಬಾಗಿಲಿಗೇ ಒಯ್ಯುವುದು ಹೇಗೆ?

ರಸ್ತೆ ಅಗಲ ಮಾಡುವಾಗ ಅಂಗಡಿ ಹೋಯಿತು. ಪೈಪ್‌ಲೈನ್ ಎಳೆಯುವಾಗ ಹೊಲದ ಅಂಚು ಹೋಯಿತು. ತಾಲ್ಲೂಕು ಕಚೇರಿಗೆ ಹೋದರೆ ಜಿಲ್ಲೆಗೆ ಹೋಗಿ ಅಂತಾರೆ. ಜಿಲ್ಲೆಗೆ ಹೋದರೆ ಇದು ಬೆಂಗಳೂರಿನ ತೀರ್ಮಾನ ಅಂತಾರೆ. ಬೆಂಗಳೂರಿನಲ್ಲಿ ಕೊನೆಗೊಂದು ಮಾತು ಕೇಳಿಬರುತ್ತದೆ: "ಇದು ಫಾರಿನ್ ಫಂಡಿಂಗ್ ರೀ, ನಮ್ಮ ಕೈಯಲ್ಲಿ ಏನೂ ಇಲ್ಲ."

ಈ ಮಾತು ಕೇಳಿ ಬಹಳ ಜನ ಸುಮ್ನೆ ಮನೆಗೆ ಬರುತ್ತಾರೆ. ಕೆಲಸ ಶುರುವಾಗಬೇಕಾದ್ದೇ ಅಲ್ಲಿಂದ. ಹೊರಗಿನ ಸಾಲ ಅಂದ ಮೇಲೆ ಕೊಟ್ಟವರಿಗೊಂದು ವಿಳಾಸ ಇರುತ್ತದೆ. ಸಾಲದ ಜೊತೆ ಷರತ್ತುಗಳು ಬಂದಿರುತ್ತವೆ. ಆ ಷರತ್ತು ಮುರಿದಿದೆ ಎಂದು ಹೇಳಲು ಒಂದು ಕಿಟಕಿಯೂ ಇದೆ.

ಆ ಕಿಟಕಿ ಯಾರೋ ದಯೆಯಿಂದ ತೆರೆದದ್ದಲ್ಲ. ಸರ್ದಾರ್ ಸರೋವರ ಅಣೆಕಟ್ಟೆಗೆ 1985ರಲ್ಲಿ ವಿಶ್ವ ಬ್ಯಾಂಕ್ 45 ಕೋಟಿ ಡಾಲರ್ ಸಾಲಕ್ಕೆ ಒಪ್ಪಿತು. ನರ್ಮದಾ ಕಣಿವೆಯ ಜನ ಬಿಡದೆ ಹೋರಾಡಿದರು. ಬ್ಯಾಂಕ್ ಕೊನೆಗೆ ಬ್ರಾಡ್‌ಫೋರ್ಡ್ ಮೋರ್ಸ್ ನೇತೃತ್ವದಲ್ಲಿ ಸ್ವತಂತ್ರ ಸಮಿತಿ ಮಾಡಬೇಕಾಯಿತು. ಪುನರ್ವಸತಿ ವಿಷಯದಲ್ಲಿ ಬ್ಯಾಂಕ್ ತನ್ನ ನಿಯಮವನ್ನೇ ಪಾಲಿಸಿಲ್ಲ ಎಂದು 1992ರಲ್ಲಿ ಆ ಸಮಿತಿ ವರದಿ ಕೊಟ್ಟಿತು. 1993ರ ಮಾರ್ಚ್‌ನಲ್ಲಿ ಭಾರತ ಸರ್ಕಾರ ಉಳಿದ ಸಾಲ ಬೇಡ ಎಂದಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ, ಬ್ಯಾಂಕಿನ ಮೇಲಿನ ಜನರ ದೂರು ಕೇಳಲು ವಿಶ್ವ ಬ್ಯಾಂಕಿನ ಇನ್‌ಸ್ಪೆಕ್ಷನ್ ಪ್ಯಾನೆಲ್ ಹುಟ್ಟಿತು. ಬೇರೆ ಬ್ಯಾಂಕುಗಳ ದೂರು ವ್ಯವಸ್ಥೆಗಳೆಲ್ಲ ಇದರ ನಂತರ ಬಂದವು. ಅಂದರೆ ಜಗತ್ತಿಗೆ ಈ ಬಾಗಿಲು ತೆರೆಸಿದ್ದು ನಮ್ಮ ದೇಶದ ನದಿ ತೀರದ ಜನ.

ಈಗ ಕೆಲಸಕ್ಕೆ ಬರೋಣ.

ಹೆಜ್ಜೆ 1: ದುಡ್ಡು ಯಾರದ್ದು?

ಮೊದಲು ಕಾಮಗಾರಿ ಜಾಗದ ಬೋರ್ಡ್ ನೋಡಿ. ಮೂಲೆಯಲ್ಲಿ ಚಿಕ್ಕದಾಗಿ ಒಂದು ಬ್ಯಾಂಕಿನ ಲಾಂಛನ ಇರಬಹುದು. ಅದರ ಫೋಟೋ ತೆಗೆದಿಟ್ಟುಕೊಳ್ಳಿ, ಬೋರ್ಡ್ ನಾಳೆ ಇರಲಿಕ್ಕಿಲ್ಲ.

ಕರ್ನಾಟಕದಲ್ಲಿ ಇಂಥ ದುಡ್ಡು ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಇದೆ. ಬೆಂಗಳೂರು ಮೆಟ್ರೊದ ವಿಮಾನ ನಿಲ್ದಾಣದ ಮಾರ್ಗಕ್ಕೆ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕ್ (ಎಡಿಬಿ) 2020ರಲ್ಲಿ 50 ಕೋಟಿ ಡಾಲರ್ ಒಪ್ಪಿತು. ಕಾಳೇನ ಅಗ್ರಹಾರದಿಂದ ನಾಗವಾರದ ಗುಲಾಬಿ ಮಾರ್ಗದಲ್ಲಿ ಯುರೋಪಿಯನ್ ಇನ್ವೆಸ್ಟ್‌ಮೆಂಟ್ ಬ್ಯಾಂಕ್ ಮತ್ತು ಬೀಜಿಂಗಿನ ಏಷ್ಯನ್ ಇನ್‌ಫ್ರಾಸ್ಟ್ರಕ್ಚರ್ ಇನ್ವೆಸ್ಟ್‌ಮೆಂಟ್ ಬ್ಯಾಂಕ್ (ಎಐಐಬಿ) ಇವೆ. ಬೆಂಗಳೂರಿನ ಕಾವೇರಿ ನೀರಿನ ಐದನೇ ಹಂತಕ್ಕೆ ಜಪಾನ್ ಸರ್ಕಾರದ ನೆರವು ಸಂಸ್ಥೆ ಜೈಕಾ. ಹುಬ್ಬಳ್ಳಿ-ಧಾರವಾಡದ ನೀರಿಗೆ ವಿಶ್ವ ಬ್ಯಾಂಕ್. ದಾವಣಗೆರೆ, ಹರಿಹರ, ಬ್ಯಾಡಗಿಯ ನೀರಿಗೆ ಎಡಿಬಿ. ಇವೆಲ್ಲ ತಪ್ಪು ಮಾಡಿವೆ ಎನ್ನುತ್ತಿಲ್ಲ. ಯಾವ ಕೆಲಸದ ಹಿಂದೆ ಯಾರಿದ್ದಾರೆ ಎಂಬುದು ಗುಟ್ಟಲ್ಲ, ಹುಡುಕಿದರೆ ಸಿಗುತ್ತದೆ, ಅಷ್ಟೇ.

ಬೋರ್ಡಿನಲ್ಲಿ ಸಿಗದಿದ್ದರೆ ಬ್ಯಾಂಕಿನ ಜಾಲತಾಣದಲ್ಲಿ ಊರಿನ ಅಥವಾ ಯೋಜನೆಯ ಹೆಸರು ಹಾಕಿ ಹುಡುಕಿ. ಪ್ರತಿ ಯೋಜನೆಗೂ ಒಂದು ಸಂಖ್ಯೆ ಇರುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ, ಮುಂದೆ ಎಲ್ಲ ಪತ್ರದಲ್ಲೂ ಅದೇ ಬೇಕು.

ಅಲ್ಲೂ ಸಿಗಲಿಲ್ಲವೇ? ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಬೇಕು. ಇದನ್ನು ಮರೆತು ನಾಲ್ಕು ಪುಟ ಗೋಳು ಬರೆದರೆ, ವಾಪಸ್ ಕಳಿಸಲು ಅವರಿಗೆ ಒಳ್ಳೆ ನೆಪ ಸಿಕ್ಕಂತೆ. ಇಷ್ಟು ಕೇಳಿದರೆ ಸಾಕು:

"ಇಂಥ ಯೋಜನೆಗೆ ಸಾಲ ಅಥವಾ ಅನುದಾನ ನೀಡಿರುವ ಸಂಸ್ಥೆಗಳ ಹೆಸರು, ಸಾಲದ ಸಂಖ್ಯೆ, ಸಾಲದ ಮುಕ್ತಾಯ ದಿನಾಂಕ ತಿಳಿಸಿ. ಯೋಜನೆಯ ಪುನರ್ವಸತಿ ಯೋಜನೆ ಮತ್ತು ಪರಿಸರ-ಸಾಮಾಜಿಕ ಪರಿಣಾಮ ವರದಿಯ ಪ್ರತಿ ಕೊಡಿ."

ಇದರಲ್ಲಿ ತುಂಬ ಮುಖ್ಯವಾದದ್ದು ಮುಕ್ತಾಯ ದಿನಾಂಕ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಖಾಸಗಿ ಕಂಪನಿಯ ಯೋಜನೆಯಾದರೆ ಮಾಹಿತಿ ಹಕ್ಕು ನೇರವಾಗಿ ನಡೆಯುವುದಿಲ್ಲ. ವಿಶ್ವ ಬ್ಯಾಂಕ್ ಗುಂಪಿನಲ್ಲಿ ಖಾಸಗಿ ಕಂಪನಿಗಳಿಗೆ ದುಡ್ಡು ಕೊಡುವ ಸಂಸ್ಥೆ ಐಎಫ್‌ಸಿ. ಅದರ ಜಾಲತಾಣದಲ್ಲಿ ಕಂಪನಿಯ ಹೆಸರು ಹಾಕಿ ನೋಡಿ.

ಹೆಜ್ಜೆ 2: ಅವರು ಏನು ಬರೆದುಕೊಟ್ಟಿದ್ದಾರೆ?

ಇಲ್ಲಿ ಸ್ವಲ್ಪ ನಿಧಾನಿಸೋಣ. ಈ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಡುತ್ತೀರಿ ಅಂದರೆ ಇದನ್ನೇ ಇಟ್ಟುಕೊಳ್ಳಿ.

ನಮ್ಮ ಕಚೇರಿಗಳಲ್ಲಿ ಮೊದಲ ಪ್ರಶ್ನೆ: "ಪಹಣಿ ಎಲ್ಲಿ? ಖಾತಾ ಎಲ್ಲಿ?" ಅದು ಇಲ್ಲದವರು ಒತ್ತುವರಿದಾರರು, ಮಾತು ಮುಗಿಯಿತು. ಗೋಮಾಳದಲ್ಲಿ ಮೂವತ್ತು ವರ್ಷ ಉತ್ತವರು, ಬಗರ್ ಹುಕುಂ ಅರ್ಜಿ ಹಾಕಿ ಕಾಯುತ್ತಿರುವವರು, ರಸ್ತೆ ಬದಿಯಲ್ಲಿ ಗೂಡಂಗಡಿ ಇಟ್ಟವರು, ಎಲ್ಲರಿಗೂ ಇದೇ ಉತ್ತರ.

ವಿಶ್ವ ಬ್ಯಾಂಕಿನ ನಿಯಮ ಹಾಗಿಲ್ಲ. 2018ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ ಪರಿಸರ-ಸಾಮಾಜಿಕ ಮಾನದಂಡಗಳಲ್ಲಿ ಐದನೆಯದು ಭೂಮಿ ಮತ್ತು ಪುನರ್ವಸತಿಯದ್ದು. ಅದರ ಪ್ರಕಾರ ಭೂಮಿಯ ಮೇಲೆ ಕಾನೂನಿನ ಹಕ್ಕೇ ಇಲ್ಲದವರಿಗೂ ಭೂಮಿಯ ಬೆಲೆ ಬಿಟ್ಟು ಉಳಿದದ್ದಕ್ಕೆ ಪರಿಹಾರ ಸಿಗಬೇಕು. ಗೋಡೆಗೆ, ಛಾವಣಿಗೆ, ನೆಟ್ಟ ಮರಕ್ಕೆ. ಬದುಕು ಮತ್ತೆ ಕಟ್ಟಿಕೊಳ್ಳಲು ನೆರವೂ ಸಿಗಬೇಕು. ಬೇರೆ ಬ್ಯಾಂಕುಗಳಲ್ಲೂ ಸುಮಾರಾಗಿ ಇದೇ ಧಾಟಿಯ ನಿಯಮಗಳಿವೆ. ಏಳನೆಯ ಮಾನದಂಡ ಆದಿವಾಸಿಗಳದ್ದು.

ಆದರೆ ಒಂದು ಕೊಕ್ಕೆ ಇದೆ. ಸರ್ವೆ ನಡೆಯುವಾಗ ಒಂದು ಗಡುವಿನ ದಿನ ಗೊತ್ತುಮಾಡಿರುತ್ತಾರೆ. ಅದಾದ ಮೇಲೆ ಬಂದು ಶೆಡ್ ಹಾಕಿದವರಿಗೆ ಏನೂ ಇಲ್ಲ. ಹಾಗಾಗಿ ನೀವು ಆ ದಿನಕ್ಕಿಂತ ಮುಂಚೆ ಅಲ್ಲಿದ್ದಿರಿ ಎಂದು ತೋರಿಸುವ ಒಂದು ಚೀಟಿ, ಹಳೇ ಕರೆಂಟ್ ಬಿಲ್, ಪಂಚಾಯಿತಿ ರಶೀದಿ, ಸಂತೆ ಸುಂಕದ ಚೀಟಿ, ಕೊನೆಗೆ ಅಂಗಡಿ ಮುಂದೆ ತೆಗೆದ ಮದುವೆ ದಿಬ್ಬಣದ ಫೋಟೋ ಆದರೂ ಸರಿ, ಜೋಪಾನ.

ಪುನರ್ವಸತಿ ಯೋಜನೆಯ ದಾಖಲೆ ಇಂಗ್ಲಿಷಿನಲ್ಲಿ ನೂರಾರು ಪುಟ ಇರುತ್ತದೆ. ಎಲ್ಲ ಓದಬೇಕಿಲ್ಲ. ಕಾಲೇಜಿಗೆ ಹೋಗುವ ಮಗಳನ್ನೋ ಊರಿನ ಮೇಷ್ಟ್ರನ್ನೋ ಕೂರಿಸಿಕೊಂಡು, ಯಾರಿಗೆ ಏನು ಸಿಗಬೇಕು ಎಂಬ ಒಂದು ಪಟ್ಟಿ ಇರುತ್ತದಲ್ಲ, ಅದನ್ನಷ್ಟೇ ಕನ್ನಡ ಮಾಡಿಸಿಕೊಳ್ಳಿ. ಆ ಎರಡು ಮೂರು ಪುಟದಲ್ಲಿ ನಿಮ್ಮ ಇಡೀ ಕೇಸು ಇದೆ.

ಹೆಜ್ಜೆ 3: ಮೊದಲು ಇಲ್ಲೇ ಕೇಳಿ, ಸ್ವೀಕೃತಿ ಇಲ್ಲದೆ ಬರಬೇಡಿ

ವಿಶ್ವ ಬ್ಯಾಂಕಿನ ಪ್ಯಾನೆಲ್, ಎಡಿಬಿ, ಎಐಐಬಿ ಮೂವರೂ ಕೇಳುವುದು ಒಂದೇ: "ಮೊದಲು ಬ್ಯಾಂಕಿನವರ ಹತ್ತಿರ ಹೇಳಿದ್ದೀರಾ?" ಹೇಳದಿದ್ದರೆ ದೂರು ನಿಲ್ಲುವುದಿಲ್ಲ. ಹಾಗಾಗಿ ಯೋಜನೆಯ ಕುಂದುಕೊರತೆ ವಿಭಾಗಕ್ಕೊಂದು ಪತ್ರ, ಅದರ ಪ್ರತಿ ಬ್ಯಾಂಕಿನ ಕಚೇರಿಗೆ. ಯೋಜನೆಯ ಪುಟದಲ್ಲಿ ಬ್ಯಾಂಕಿನ ಪರವಾಗಿ ಅದನ್ನು ನೋಡಿಕೊಳ್ಳುವ ಅಧಿಕಾರಿಯ ಹೆಸರು ಇರುತ್ತದೆ, ಅವರಿಗೊಂದು ಇಮೇಲ್.

ಬಾಯಿಮಾತಿನ ಭರವಸೆ ಲೆಕ್ಕಕ್ಕಿಲ್ಲ. ಸೀಲು, ದಿನಾಂಕ ಇರುವ ಸ್ವೀಕೃತಿ ಬೇಕು. ಕಚೇರಿಯಲ್ಲಿ ಸೀಲು ಹಾಕಿಕೊಡದಿದ್ದರೆ ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ. ಹಿಂಬರಹ ಬಂದರೆ ಅದನ್ನು ಬೈದು ಮಡಚಿ ಬಿಸಾಕಬೇಡಿ. "ನಿಮ್ಮ ಅರ್ಜಿಯನ್ನು ಪರಿಗಣಿಸಲು ಬರುವುದಿಲ್ಲ" ಎಂಬ ಒಂದು ಸಾಲಿನ ಹಿಂಬರಹ, ನೀವು ಕೇಳಿದ್ದಿರಿ ಎನ್ನುವುದಕ್ಕೆ ಸರ್ಕಾರವೇ ಕೊಟ್ಟ ಸಾಕ್ಷಿ.

ಐಎಫ್‌ಸಿಯ ದೂರು ಕಚೇರಿ ಸಿಎಒ ಈ ಹೆಜ್ಜೆಯನ್ನು ಕಡ್ಡಾಯ ಮಾಡಿಲ್ಲ. ಆದರೂ ಮಾಡಿದ್ದರೆ ನಿಮ್ಮ ಕೈ ಗಟ್ಟಿ.

ಹೆಜ್ಜೆ 4: ಯಾವ ಬಾಗಿಲು?

ಸರ್ಕಾರಕ್ಕೆ ವಿಶ್ವ ಬ್ಯಾಂಕ್ ಕೊಟ್ಟ ಸಾಲವಾದರೆ ಇನ್‌ಸ್ಪೆಕ್ಷನ್ ಪ್ಯಾನೆಲ್. ಒಂದೇ ತೊಂದರೆ ಅನುಭವಿಸುತ್ತಿರುವ ಇಬ್ಬರಾದರೂ ಸೇರಿ ಕೊಡಬೇಕು. ಕನ್ನಡದಲ್ಲೇ ಬರೆಯಬಹುದು. ಐಎಫ್‌ಸಿ ದುಡ್ಡಾದರೆ 1999ರಲ್ಲಿ ಶುರುವಾದ ಸಿಎಒ. ಇಲ್ಲಿ ಒಬ್ಬರೇ ಕೊಟ್ಟರೂ ನಡೆಯುತ್ತದೆ, ಭಾಷೆ ಯಾವುದಾದರೂ ಸರಿ. ಎಡಿಬಿ, ಎಐಐಬಿಗೆ ಕನಿಷ್ಠ ಇಬ್ಬರು. ಜೈಕಾ ಮತ್ತು ಯುರೋಪಿಯನ್ ಬ್ಯಾಂಕಿಗೂ ತಮ್ಮ ತಮ್ಮ ದೂರು ಕಚೇರಿಗಳಿವೆ.

ಒಂದೇ ಯೋಜನೆಗೆ ಇಬ್ಬರು ಸಾಲ ಕೊಟ್ಟಿದ್ದರೆ ಯಾರ ನಿಯಮ ಅಂತ ನೋಡಿ. ಬೇರೆ ಬ್ಯಾಂಕಿನ ನಿಯಮವನ್ನೇ ಪಾಲಿಸಲು ಎಐಐಬಿ ಒಪ್ಪಿಕೊಂಡಿದ್ದರೆ, ದೂರು ಆ ಬ್ಯಾಂಕಿಗೇ ಹೋಗಬೇಕು. ತಪ್ಪು ಬಾಗಿಲಲ್ಲಿ ಆರು ತಿಂಗಳು ನಿಂತರೆ ನಷ್ಟ ನಮಗೇ.

ಈಗ ಆ ಮುಕ್ತಾಯ ದಿನಾಂಕದ ವಿಷಯ. 2020ರ ಸೆಪ್ಟೆಂಬರ್ ನಂತರ ಒಪ್ಪಿಗೆಯಾದ ವಿಶ್ವ ಬ್ಯಾಂಕ್ ಯೋಜನೆಗಳಲ್ಲಿ ಸಾಲ ಮುಗಿದ 15 ತಿಂಗಳವರೆಗೆ ದೂರು ಕೊಡಬಹುದು. ಅದಕ್ಕಿಂತ ಹಳೆಯದಾದರೆ ಶೇ. 95ರಷ್ಟು ದುಡ್ಡು ಬಿಡುಗಡೆಯಾಗುವ ಮೊದಲೇ ಕೊಡಬೇಕಿತ್ತು. ಎಡಿಬಿಯಲ್ಲಿ ಎರಡು ವರ್ಷದ ಅವಕಾಶ ಇದೆ. ಸಿಎಒದಲ್ಲಿ ಐಎಫ್‌ಸಿ ದುಡ್ಡು ಇನ್ನೂ ಆ ಕಂಪನಿಯಲ್ಲಿರಬೇಕು. ಹೊರಬಿದ್ದ ಮೇಲೆ ವಿಶೇಷ ಸಂದರ್ಭದಲ್ಲಿ ಮಾತ್ರ 15 ತಿಂಗಳ ತನಕ ತೆಗೆದುಕೊಳ್ಳುತ್ತಾರೆ. ಸಾಲ ನಡೆಯುತ್ತಿರುವಾಗ ಕೊಟ್ಟ ದೂರಿಗೂ ಮುಗಿದ ಮೇಲೆ ಕೊಟ್ಟ ದೂರಿಗೂ ತೂಕವೇ ಬೇರೆ. ಕಂತು ಬಾಕಿ ಇರುವವರೆಗೆ ಮಾತ್ರ ಸಾಲ ಕೊಟ್ಟವನ ಮಾತಿಗೆ ಬೆಲೆ, ಅಲ್ವಾ? ಕೃಷ್ಣಾ ಮೇಲ್ದಂಡೆಯಲ್ಲಿ ಪುನರ್ವಸತಿ ಸರಿಯಿಲ್ಲ ಎಂದು 1990ರ ದಶಕದಲ್ಲಿ ವಿಶ್ವ ಬ್ಯಾಂಕ್ ದುಡ್ಡು ತಡೆಹಿಡಿದಿದ್ದು ಬಾಗಲಕೋಟೆ ಕಡೆಯ ಹಿರಿಯರಿಗೆ ನೆನಪಿರಬಹುದು.

ಹೆಜ್ಜೆ 5: ದೂರು ಬರೆಯುವುದು

ಎರಡು ಪತ್ರ ಪಕ್ಕ ಪಕ್ಕ ಇಟ್ಟು ನೋಡಿ. ಊರು, ಜನ ಕಾಲ್ಪನಿಕ.

ಮೊದಲನೆಯದು: "ಮಾನ್ಯರೇ, ನಾವು ಬಡವರು. ಅಧಿಕಾರಿಗಳು ನಮಗೆ ಘೋರ ಅನ್ಯಾಯ ಮಾಡಿದ್ದಾರೆ. ದಯವಿಟ್ಟು ನ್ಯಾಯ ಕೊಡಿಸಬೇಕಾಗಿ ಕೈಮುಗಿದು ಬೇಡಿಕೊಳ್ಳುತ್ತೇವೆ."

ಎರಡನೆಯದು: "ನಾವು ಹನ್ನೊಂದು ಅಂಗಡಿಯವರು, ಬಸ್ ನಿಲ್ದಾಣದ ಪಕ್ಕ 14 ವರ್ಷದಿಂದ ಇದ್ದೇವೆ. ಸರ್ವೆಯಲ್ಲಿ ನಮ್ಮ ಹೆಸರಿದೆ, ಪ್ರತಿ ಲಗತ್ತಿಸಿದೆ. ಮಾರ್ಚ್ 3ರಂದು ನೋಟಿಸ್ ಕೊಡದೆ ಜೆಸಿಬಿ ತಂದು ಕೆಡವಿದರು. ಅಂಗಡಿ ಕಳೆದುಕೊಂಡವರಿಗೆ ಬೇರೆ ಜಾಗ ಸಿಗುವವರೆಗೆ ನೆರವು ಕೊಡಬೇಕು ಎಂದು ಪುನರ್ವಸತಿ ಯೋಜನೆಯ 41ನೇ ಪುಟದಲ್ಲಿದೆ. ಯಾರಿಗೂ ಸಿಕ್ಕಿಲ್ಲ. ಮಾರ್ಚ್ 10 ಮತ್ತು ಏಪ್ರಿಲ್ 22ರಂದು ಪತ್ರ ಕೊಟ್ಟಿದ್ದೇವೆ, ಸ್ವೀಕೃತಿ ಇದೆ. ಉತ್ತರ ಬಂದಿಲ್ಲ."

ಎರಡನೆಯದರಲ್ಲಿ ಒಂದು ಕಣ್ಣೀರಿನ ಹನಿ ಇಲ್ಲ. ಓದುವವರಿಗೆ ತಪ್ಪಿಸಿಕೊಳ್ಳಲು ಜಾಗವೂ ಇಲ್ಲ. ಮಾನದಂಡದ ಸಂಖ್ಯೆ ಗೊತ್ತಿಲ್ಲದಿದ್ದರೆ ಚಿಂತೆ ಬೇಡ. ಆಗಿರುವ ತೊಂದರೆ ಏನು, ಯೋಜನೆಯಿಂದಲೇ ಅದು ಹೇಗೆ ಆಯಿತು, ಯಾರ ಹತ್ತಿರ ಹೇಳಿದಿರಿ, ಏನು ಬೇಕು, ಇಷ್ಟು ಸ್ಪಷ್ಟವಾಗಿದ್ದರೆ ಸಾಕು. ಟೆಂಡರ್ ಗೋಲ್‌ಮಾಲ್, ಲಂಚದ ಆರೋಪ ಇದರೊಳಗೆ ಸೇರಿಸಬೇಡಿ. ವಿಶ್ವ ಬ್ಯಾಂಕಿನಲ್ಲಿ ಅದಕ್ಕೆ ಬೇರೆ ವಿಭಾಗ ಇದೆ. ಇಲ್ಲಿ ಬೆರೆಸಿದರೆ ಎರಡೂ ಕೆಡುತ್ತದೆ.

ಸಹಿ ಹಾಕಲು ಹೆದರಿಕೆ ಇದ್ದರೆ, ಅದು ಸಹಜವೇ, ಹೆಸರು ಗುಟ್ಟಾಗಿಡಿ ಎಂದು ಮೊದಲ ಸಾಲಿನಲ್ಲೇ ಬರೆಯಿರಿ. ದೂರು ಕಚೇರಿಗೆ ಹೆಸರು ಗೊತ್ತಿರುತ್ತದೆ, ಸರ್ಕಾರಕ್ಕೋ ಕಂಪನಿಗೋ ಕೊಡುವುದಿಲ್ಲ. ಊರಲ್ಲಿ ಮಾತ್ರ ಯಾರು ಬರೆದರು ಅನ್ನುವುದು ಟೀ ಅಂಗಡಿಯಲ್ಲೇ ಗೊತ್ತಾಗಿಬಿಡುತ್ತದೆ. ಅದಕ್ಕೇ ಒಬ್ಬಿಬ್ಬರ ಬದಲು ಹತ್ತಿಪ್ಪತ್ತು ಮನೆ ಸೇರಿ ಬರೆಯುವುದು ವಾಸಿ.

ಹೆಜ್ಜೆ 6: ಕಾಯುವುದು, ಮತ್ತು ಏನು ಸಿಗುತ್ತದೆ ಎಂಬ ಲೆಕ್ಕ

ಪ್ಯಾನೆಲ್‌ನಲ್ಲಿ ದೂರು ನೋಂದಣಿಯಾದ ಮೇಲೆ ಬ್ಯಾಂಕ್ ಆಡಳಿತ 21 ಕೆಲಸದ ದಿನದಲ್ಲಿ ಉತ್ತರ ಕೊಡಬೇಕು. ಆಮೇಲೆ ಇನ್ನು 21 ಕೆಲಸದ ದಿನದಲ್ಲಿ ತನಿಖೆ ಬೇಕೋ ಬೇಡವೋ ಎಂದು ಪ್ಯಾನೆಲ್ ಹೇಳುತ್ತದೆ. ಸಿಎಒ 15 ಕೆಲಸದ ದಿನದಲ್ಲಿ ದೂರು ನಿಲ್ಲುತ್ತದೋ ಇಲ್ಲವೋ ತಿಳಿಸುತ್ತದೆ. ಮುಂದೆ ಎರಡು ದಾರಿ. ಒಂದು, ಮಧ್ಯಸ್ಥರನ್ನಿಟ್ಟು ಕೂತು ಮಾತಾಡುವುದು. ಇನ್ನೊಂದು, ನಿಯಮ ಮುರಿದಿದೆಯೇ ಎಂಬ ತನಿಖೆ. ಪರಿಹಾರ ಬೇಗ ಬೇಕಿದ್ದರೆ ಮೊದಲನೆಯದು. ಎದುರಿನವರ ಮೇಲೆ ನಂಬಿಕೆಯೇ ಇಲ್ಲ ಎಂದರೆ ಎರಡನೆಯದು.

ಇವರು ಕೋರ್ಟ್ ಅಲ್ಲ. ಯೋಜನೆ ನಿಲ್ಲಿಸು ಎಂದು ಆದೇಶ ಕೊಡಲಾರರು, ಕೈಗೆ ಚೆಕ್ಕೂ ಕೊಡಲಾರರು. ಇದನ್ನು ಮುಚ್ಚಿಟ್ಟು ಆಸೆ ಹುಟ್ಟಿಸುವುದು ನನಗಿಷ್ಟವಿಲ್ಲ.

ನಮ್ಮ ನಾಗರಹೊಳೆಯದ್ದೇ ಕಥೆ ಕೇಳಿ. ವಿಶ್ವ ಬ್ಯಾಂಕ್ ದುಡ್ಡಿನ ಪರಿಸರ ಅಭಿವೃದ್ಧಿ ಯೋಜನೆ ದೇಶದ ಏಳು ಕಾಡುಗಳಿಗೆ ಬಂದಿತ್ತು, ಅದರಲ್ಲಿ ನಾಗರಹೊಳೆ ಒಂದು. 1998ರ ಏಪ್ರಿಲ್‌ನಲ್ಲಿ ನಾಗರಹೊಳೆ ಬುಡಕಟ್ಟು ಜನರ ಹಕ್ಕುಸ್ಥಾಪನಾ ಸಮಿತಿ ಪ್ಯಾನೆಲ್‌ಗೆ ದೂರು ಕೊಟ್ಟಿತು. ಯೋಜನೆ ರೂಪಿಸುವಾಗ ಕಾಡಿನೊಳಗಿನ ಆದಿವಾಸಿಗಳನ್ನು ಸರಿಯಾಗಿ ಕೇಳಿಲ್ಲ, ಅವರಿಗಾಗಿ ಬೇರೆ ಅಭಿವೃದ್ಧಿ ಯೋಜನೆ ಮಾಡಬೇಕಿತ್ತು, ಮಾಡಿಲ್ಲ, ಕಾಡಿನಿಂದ ಹೊರಹಾಕುವ ಭಯ ಇದೆ ಎಂಬುದು ಅದರ ಸಾರ. ಪ್ಯಾನೆಲ್ ಪರಿಶೀಲಿಸಿ ತನಿಖೆ ಆಗಬೇಕು ಎಂದಿತು. ಬ್ಯಾಂಕಿನ ಮಂಡಳಿ ಒಪ್ಪಲಿಲ್ಲ. ರಾಜ್ಯ ಸರ್ಕಾರ ಮತ್ತು ಜನರ ಜೊತೆ ಕೂತು ಸರಿಪಡಿಸಿ ಎಂದು ತನ್ನ ಆಡಳಿತಕ್ಕೆ ಹೇಳಿ ಕೈತೊಳೆದುಕೊಂಡಿತು. ಹಾಡಿಯಿಂದ ಹೊರಟ ಒಂದು ಪತ್ರ ವಾಷಿಂಗ್ಟನ್ನಿನ ಮಂಡಳಿಯ ಮೇಜಿನವರೆಗೆ ಹೋಯಿತು, ಅಲ್ಲಿ ಮತ ಬೀಳಲಿಲ್ಲ.

ಮುಂಬೈನಲ್ಲಿ ಬೇರೆ ಆಯಿತು. ನಗರ ಸಾರಿಗೆ ಯೋಜನೆಯಲ್ಲಿ ಅಂಗಡಿ ಕಳೆದುಕೊಳ್ಳುವವರಿಗೆ, ಅಂಗಡಿ ಎಷ್ಟೇ ದೊಡ್ಡದಿರಲಿ, ಹೆಚ್ಚೆಂದರೆ 225 ಚದರಡಿ ಎಂದಿದ್ದರು. 2004ರಲ್ಲಿ ಅಂಗಡಿಯವರು, ನಿವಾಸಿಗಳು ದೂರು ಕೊಟ್ಟರು. ಪ್ಯಾನೆಲ್ ತಪ್ಪು ಎತ್ತಿ ತೋರಿಸಿದ ಮೇಲೆ 2006ರ ಮಾರ್ಚ್‌ನಲ್ಲಿ ರಸ್ತೆ ಮತ್ತು ಪುನರ್ವಸತಿ ಭಾಗದ ದುಡ್ಡನ್ನೇ ಬ್ಯಾಂಕ್ ನಿಲ್ಲಿಸಿತು. ಷರತ್ತು ಪೂರೈಸಿದ ಮೇಲೆ, ಜೂನ್‌ನಲ್ಲಿ ಮತ್ತೆ ಬಿಟ್ಟಿತು.

ಗುಜರಾತಿನ ಮುಂದ್ರಾ ಕಥೆ ಇನ್ನೂ ಉದ್ದ. ಟಾಟಾ ಕಂಪನಿಯ ಕಲ್ಲಿದ್ದಲು ವಿದ್ಯುತ್ ಸ್ಥಾವರಕ್ಕೆ ಐಎಫ್‌ಸಿ 45 ಕೋಟಿ ಡಾಲರ್ ಸಾಲ ಕೊಟ್ಟಿತ್ತು. ಮೀನುಗಾರರು 2011ರಲ್ಲಿ ಸಿಎಒಗೆ ಹೋದರು. 2013ರ ವರದಿ ಐಎಫ್‌ಸಿಯ ಲೋಪ ಎತ್ತಿ ಹಿಡಿಯಿತು. ಪರಿಹಾರ ಬರದೆ ಮೀನುಗಾರರು ಅಮೆರಿಕದ ಕೋರ್ಟಿಗೆ ಹೋದರು. ಇಂಥ ಸಂಸ್ಥೆಗಳಿಗೆ ಸಂಪೂರ್ಣ ರಕ್ಷಣೆ ಇಲ್ಲ, ಅವರ ಮೇಲೂ ದಾವೆ ಹೂಡಬಹುದು ಎಂದು 2019ರ ಫೆಬ್ರುವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 7-1ರಲ್ಲಿ ಹೇಳಿತು. ದೊಡ್ಡ ಗೆಲುವು. ಆದರೆ ಕೆಳಗಿನ ಕೋರ್ಟು ಆಮೇಲೆ, ದೂರಿಗೆ ಮೂಲವಾದ ನಡವಳಿಕೆ ನಡೆದದ್ದು ಭಾರತದಲ್ಲಿ, ಅಮೆರಿಕದಲ್ಲಲ್ಲ ಎಂದು ಆ ದಾವೆಯನ್ನೇ ತಳ್ಳಿಹಾಕಿತು. 2022ರಲ್ಲಿ ಕೊನೆಯ ಬಾಗಿಲೂ ಮುಚ್ಚಿತು.

ಅಮರಾವತಿ ನಮ್ಮ ಪಕ್ಕದ್ದೇ. ಆಂಧ್ರದ ರಾಜಧಾನಿಗೆ ವಿಶ್ವ ಬ್ಯಾಂಕಿನ 30 ಕೋಟಿ ಡಾಲರ್ ಸಾಲದ ಪ್ರಸ್ತಾವದ ಮೇಲೆ ರೈತರು 2017ರಲ್ಲಿ ದೂರು ಕೊಟ್ಟಿದ್ದರು. 2019ರ ಜುಲೈನಲ್ಲಿ ಭಾರತ ಸರ್ಕಾರ ಕೋರಿಕೆ ವಾಪಸ್ ಪಡೆಯಿತು. ಸರ್ಕಾರ ಬದಲಾಗಿ 2024ರ ಡಿಸೆಂಬರ್‌ನಲ್ಲಿ ಅದೇ ಅಮರಾವತಿಗೆ ವಿಶ್ವ ಬ್ಯಾಂಕ್ 80 ಕೋಟಿ ಡಾಲರ್ ಒಪ್ಪಿತು. ಹಾಗಾಗಿ ಗೆದ್ದ ಫೈಲನ್ನೂ ಅಟ್ಟಕ್ಕೆ ಹಾಕಬೇಡಿ.

ಸಂಘದ ಸಾಲದ ಕಾಟವಾದರೆ

ಇದು ಅಣೆಕಟ್ಟು, ಮೆಟ್ರೊ ಕಥೆಯಲ್ಲ. ವಾರದ ಕಂತಿನ ಕಥೆ. ಆದರೆ ಮೈಕ್ರೊಫೈನಾನ್ಸ್ ಕಂಪನಿಗಳ ಹಿಂದೆಯೂ ಹಲವು ಕಡೆ ಹೊರದೇಶದ ಬಂಡವಾಳ ಇರುತ್ತದೆ. ಕಾಂಬೋಡಿಯಾದಲ್ಲಿ ಕಂತು ಕಟ್ಟಲು ಜಮೀನು ಮಾರಬೇಕಾಯಿತು ಎಂದು 2022ರಲ್ಲಿ ಸಾಲಗಾರರ ಪರವಾಗಿ ಸಿಎಒಗೆ ದೂರು ಹೋಯಿತು. ಆ ಕಂಪನಿಗಳಲ್ಲಿ ಐಎಫ್‌ಸಿ ದುಡ್ಡು ಇತ್ತು.

ನಮ್ಮಲ್ಲಿ ಮೊದಲು ಹತ್ತಿರದ ಬಾಗಿಲು ಬಡಿಯಿರಿ. ಮೈಕ್ರೊಫೈನಾನ್ಸ್ ವಸೂಲಿಯವರು ಬೆಳಿಗ್ಗೆ 9ಕ್ಕಿಂತ ಮೊದಲು, ಸಂಜೆ 6ರ ನಂತರ ಫೋನ್ ಮಾಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕಿನ 2022ರ ನಿಯಮ ಹೇಳುತ್ತದೆ. ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟುವಂಥ ಹೊಸ ಸಾಲ ಕೊಡುವಂತಿಲ್ಲ. ಅಡವು ಕೇಳುವಂತಿಲ್ಲ. ಕಿರುಕುಳದ ವಿರುದ್ಧ ಕರ್ನಾಟಕ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು, ಆಮೇಲೆ ಅದು ಕಾಯ್ದೆಯಾಯಿತು. ಅದರಲ್ಲಿ ಹತ್ತು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ. ಮನೆ ಮುಂದೆ ಕೂತು ಬೈದರೆ ಮೊದಲು ಪೊಲೀಸ್ ಠಾಣೆ. ಕಂಪನಿಗೆ ಲಿಖಿತ ದೂರು ಕೊಟ್ಟು 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್.

ಅದರ ಜೊತೆಗೆ ಆ ಕಂಪನಿಯ ವಾರ್ಷಿಕ ವರದಿ ತೆರೆದು ಷೇರುದಾರರು, ಸಾಲದಾತರು ಯಾರು ಅಂತ ನೋಡಿ. ಅಲ್ಲಿ ಐಎಫ್‌ಸಿ ಹೆಸರು ಕಂಡರೆ ಸಿಎಒಗೆ ಬರೆಯಬಹುದು. ಕರೆ ಬಂದ ಸಮಯ ತೋರಿಸುವ ಫೋನಿನ ಸ್ಕ್ರೀನ್‌ಶಾಟ್ ಮತ್ತು ಕಂತಿನ ಕಾರ್ಡು, ಎರಡನ್ನೂ ಇಟ್ಟುಕೊಂಡಿರಿ. ಕಾರ್ಡನ್ನು ಏಜೆಂಟ್ ಕೇಳಿದರೆ ಮೊದಲು ಎರಡೂ ಮಗ್ಗುಲು ಫೋಟೋ ತೆಗೆದು ಆಮೇಲೆ ಕೊಡಿ.